ಹೊಸ್ತಿಲ ಮೇಲೆ ಬಿದ್ದ ಹೆಸರು

ನನಗೊಂದು ಖೋಡಿ ಇದೆ. ನಾಲ್ಕು ಜನರ ನಡುವೆ ಯಾರಾದರೂ ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ, ಕೈಯಲ್ಲಿ ಏನಿದೆಯೋ ಅದು ನೆಲ ಸೇರುತ್ತದೆ. ಮೊನ್ನೆ ಅಂಚೆಯವನು ಬಾಗಿಲಲ್ಲಿ ನಿಂತು “ಶಂಕ್ರಪ್ಪ ಮಾಸ್ತರ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಚಹಾದ ಬಶಿ ಬಿದ್ದು ಮೂರು ಚೂರಾಯಿತು. ಚಹಾ ಆಗಷ್ಟೇ ಉಟ್ಟಿದ್ದ ಮಡಿ ಧೋತರದ ಪಾಲಾಯಿತು.

ನನ್ನ ಹೆಂಡತಿ ಸುಭದ್ರೆ ಒಳಗಿನಿಂದ ಬಂದವಳು ಮೊದಲು ಬಶಿಯನ್ನು ನೋಡಿದಳು, ಆಮೇಲೆ ನನ್ನನ್ನು.

“ಅಂವ ನಿಮ್ಮನ್ನ ಕರದಾನ, ಬಂದೂಕ ಹಾರಿಸಿಲ್ಲ,” ಎಂದಳು. ಚೂರು ಆರಿಸುತ್ತ, ತನಗೆ ತಾನೇ ಹೇಳಿಕೊಂಡಂತೆ, ಆದರೆ ನನಗೆ ಕೇಳುವಂತೆ ಮುಂದುವರಿಸಿದಳು. “ಊರ ಹೆಣ್ಣಮಕ್ಕಳಿಗೆಲ್ಲಾ ಹೆಸರ ಹೇಳೂದ ಕಲಿಸಿದ್ರಿ. ನನ್ನ ಹೆಸರ ಹೇಳೂ ಪಾಳಿ ಬಂದಾಗ...”

ಅಷ್ಟಕ್ಕೇ ನಿಲ್ಲಿಸಿದಳು. ಉಳಿದ ಅರ್ಧ ಮಾತು ಏನೆಂದು ಈಗಲೇ ಕೇಳಬೇಡಿ. ಕಡೆಗೆ ನಾನೇ ಹೇಳುತ್ತೇನೆ. ನನಗೂ ಸ್ವಲ್ಪ ಮಾನ ಇದೆ, ಅದನ್ನು ಒಮ್ಮೆಲೇ ಕಳೆದುಕೊಳ್ಳಲು ಮನಸ್ಸಿಲ್ಲ.

ಹೆದರುವುದು ನನಗೆ ಹುಟ್ಟುಗುಣ ಎಂದು ಕಾಣುತ್ತದೆ. ಸೋಲಾಪುರದಲ್ಲಿ ನಾನು ಬೆಳೆದದ್ದು ಗಿರಣಿಯ ಬಗಲಿಗೆ. ಬೆಳಗಿನ ಭೋಂಗಾ ಊದಿದಾಗ ಓಣಿಯ ಜನ ರೊಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದರು, ನಾನು ಹಾಸಿಗೆಯಲ್ಲಿ ಎದ್ದು ಕುಳಿತು ಅಳುತ್ತಿದ್ದೆ. ದಿನಾ ಊದುವ ಭೋಂಗಾಕ್ಕೆ ದಿನಾ ಹೆದರುವ ಮಗು ಇಡೀ ಓಣಿಗೆ ನಾನೊಬ್ಬನೇ. ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಜ್ವರಕ್ಕೆ ಹೋದರು. ಸೋದರಮಾವನ ಮನೆಯಲ್ಲಿ ಉಳಿದೆ. ಊಟಕ್ಕೆ ಕಡಿಮೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ಆ ಮನೆಯಲ್ಲಿ ನನ್ನ ಹೆಸರು ಕೇಳಿಬಂದದ್ದೆಲ್ಲ ಏನಾದರೂ ಒಡೆದಾಗ, ಚೆಲ್ಲಿದಾಗ. ಪಡಸಾಲೆಯ ಮೂಲೆಯಲ್ಲಿ ಒಂದು ಚಾದರು, ಒಂದು ಟ್ರಂಕು, ಅಷ್ಟೇ ನನ್ನ ಜಾಗ. ನೆಂಟರು ಬಂದರೆ ಅದೂ ಇಲ್ಲ.

ಇಂಥವನು ಕವಿಯಾಗದೆ ಮತ್ತೇನಾದಾನು! ಟ್ರಂಕಿನಲ್ಲಿ ಒಂದು ವಹಿ ಇತ್ತು. ಅದರ ತುಂಬ ಚಂದ್ರ, ಕಮಲ, ವಿರಹ. ವಿರಹ ಯಾರಿಗಾಗಿ ಎಂದು ಕೇಳಬೇಡಿ, ಆ ವಯಸ್ಸಿಗೆ ನನಗೂ ಗೊತ್ತಿರಲಿಲ್ಲ. ಪ್ರತಿ ಪದ್ಯದ ಕಡೆಗೆ ‘ಶಂಕ್ರಪ್ಪ’ ಎಂದು ನನ್ನ ಅಂಕಿತ, ಅದರ ಕೆಳಗೆ ಬಳ್ಳಿಯ ಚಿತ್ರ. ಒಂದು ಮಾಸಪತ್ರಿಕೆಗೆ ಏಳು ಸಲ ಕಳಿಸಿದೆ, ಏಳು ಸಲವೂ ತಿರುಗಿ ಬಂತು. ಒಮ್ಮೆ ಸೋಲಾಪುರದ ಒಂದು ಸಭೆಯಲ್ಲಿ ಧೈರ್ಯ ಮಾಡಿ ಓದಿದೆ. ಮುಂದೆ ಕುಳಿತಿದ್ದ ಮರಾಠಿ ಗೃಹಸ್ಥರು “ಛಾನ ಆಹೇ, ಪಣ ಕಾಹೀ ಕಳಲಂ ನಾಹೀ” ಎಂದರು. ಚೆನ್ನಾಗಿದೆಯಂತೆ, ಏನೂ ತಿಳಿಯಲಿಲ್ಲವಂತೆ. ಅವರ ಮಗ್ಗುಲಲ್ಲಿದ್ದ ಧಾರವಾಡದ ಕಡೆಯವರು ಎಲ್ಲವೂ ತಿಳಿಯಿತೆಂದರು, ಆದರೆ ಇದರಲ್ಲಿ ಕನ್ನಡ ಎಲ್ಲಿದೆ ಎಂದು ಕೇಳಿದರು. ಅಲ್ಲಿಂದ ನೇರ ಮನೆಗೆ ಬಂದು ಟ್ರಂಕಿಗೆ ಕೀಲಿ ಹಾಕಿದೆ.

ಆಮೇಲೆ ಅಕ್ಕಲಕೋಟ ಸಂಸ್ಥಾನದ ಕರಜಗಿಗೆ ಸಾಲಿ ಮಾಸ್ತರನಾಗಿ ಹೋದೆ. ರೈಲಿಳಿದು ಟಾಂಗಾ ಹಿಡಿದು, ಟಾಂಗಾ ಇಳಿದು ಎತ್ತಿನ ಗಾಡಿ ಹತ್ತಿ ಊರು ಮುಟ್ಟುವಷ್ಟರಲ್ಲಿ ಮೈತುಂಬ ಕೆಂಧೂಳು. ಪಾಠ ಮರಾಠಿಯಲ್ಲಿ ಹೇಳಬೇಕು, ಹುಡುಗರು ಕನ್ನಡದಲ್ಲಿ ಹೂಂ ಅನ್ನುತ್ತಾರೆ. ಇದು ಮೊದಲ ಆಘಾತ. ಎರಡನೆಯದು ಆ ಮಧ್ಯಾಹ್ನವೇ ಕಾದಿತ್ತು.

ಮಗನ ಹೆಸರು ಸಾಲಿಗೆ ಹಚ್ಚಿಸಲು ಒಬ್ಬ ಹೆಣ್ಣುಮಗಳು ಬಂದಳು. ಕುರಿಗಾರರ ಮನೆಯವಳು, ತಲೆಯ ಮೇಲೆ ಉಣ್ಣೆಯ ಗಂಟು. ಮಗನ ಹೆಸರು ಹೇಳಿದಳು. ಅಪ್ಪನ ಹೆಸರೇನು ಎಂದು ಕೇಳಿದೆ. ಸೆರಗು ಹಲ್ಲಲ್ಲಿ ಕಚ್ಚಿಕೊಂಡಳು. ಮತ್ತೆ ಕೇಳಿದೆ. ಗೋಡೆಯ ಕಡೆ ತಿರುಗಿದಳು. ನಾನು ಸೋಲಾಪುರದ ಗಡಿಬಿಡಿಯವನು, ದನಿ ಏರಿಸಿದೆ.

“ಗಂಡನ ಹೆಸರ ಬಾಯಿಲೆ ಹ್ಯಾಂಗ ಹೇಳಲ್ರಿ ಮಾಸ್ತರ?” ಎಂದಳು. “ಒಡಪು ಹಾಕಿ ಹೇಳಬೇಕು. ನನ್ನ ಲಗ್ನದಾಗಿನ ಒಡಪು ಮರತ ಹೋಗೇತ್ರಿ.”

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬರಿಬಾಯಿಂದ ಆಡಬಾರದು. ಎರಡು ಸಾಲಿನದೋ ನಾಲ್ಕು ಸಾಲಿನದೋ ಪದ್ಯ ಕಟ್ಟಿ, ಅದರ ನಡುವೆ ಹೆಸರನ್ನು ಕೂರಿಸಿ ಹೇಳಬೇಕು. ಅದೇ ಒಡಪು. ಇದು ನನಗೆ ಗೊತ್ತಿತ್ತು, ಆದರೆ ಮದುವೆಯ ವಿನೋದವೆಂದು ತಿಳಿದಿದ್ದೆ. ಪದ್ಯ ಮರೆತದ್ದಕ್ಕೆ ಒಂದು ಮಗುವಿನ ಕಲಿಕೆಯೇ ನಿಂತೀತು ಎಂದು ಕನಸಲ್ಲೂ ಎಣಿಸಿರಲಿಲ್ಲ. ಆಕೆ ಮಗನ ಕೈ ಹಿಡಿದು ತಿರುಗಿ ಹೊರಟೇಬಿಟ್ಟಳು. ನಾನು ಗಾಬರಿಯಾಗಿ ಬಾಯಿಗೆ ಬಂದದ್ದನ್ನು ಹೇಳಿದೆ.

“ನಿಂದ್ರವ್ವಾ! ಹಿಂಗ ಹೇಳು: ಪಾಟಿ ಕೊಟ್ಟ ಮಗನ್ನ ನಾನು ಸಾಲಿಗಿ ಕಳಿಸೀನಿ, ಇಂಥವರ ಹೆಸರ ಪುಸ್ತಕದಾಗ ಇಂದ ಬರಿಸೀನಿ. ಇಂಥವರ ಅನ್ನೂ ಜಾಗಾದಾಗ ನಿಮ್ಮವರ ಹೆಸರ ಹಾಕ್ಕೋ.”

ಆಕೆ ಒಂದು ಸಲ ತುಟಿಯಲ್ಲೇ ಆಡಿಸಿದಳು. ಆಮೇಲೆ ಉಣ್ಣೆಯ ಗಂಟು ಇಳಿಸಿ, ನೆಟ್ಟಗೆ ನಿಂತು, ಗುಡಿಯ ಮುಂದೆ ನಿಂತವಳ ಹಾಗೆ ಹೇಳಿದಳು, “ಪಾಟಿ ಕೊಟ್ಟ ಮಗನ್ನ ನಾನು ಸಾಲಿಗಿ ಕಳಿಸೀನಿ, ರೇವಪ್ಪನ ಹೆಸರ ಪುಸ್ತಕದಾಗ ಇಂದ ಬರಿಸೀನಿ!” ಹೇಳಿ ಮುಖ ಮುಚ್ಚಿಕೊಂಡು ನಕ್ಕಳು. ನನ್ನ ಮೈಮೇಲೆ ಮುಳ್ಳು ಎದ್ದವು. ಏಳು ಸಲ ತಿರುಗಿ ಬಂದ ಕವಿಯ ಎರಡು ಸಾಲನ್ನು ಒಬ್ಬ ಜೀವಂತ ಹೆಣ್ಣುಮಗಳು ಬಾಯಿತುಂಬ ಆಡಿದ್ದಳು.

ಸಂಜೆಯೊಳಗೆ ಸುದ್ದಿ ಊರು ತುಂಬಿತು. ಸಾಲಿಯ ಎದುರು ಮನೆ ಗೌರವ್ವ ಎಂಬ ಮುದುಕಿಯದು. ಎಲ್ಲರೂ ಅವಳನ್ನು ಗೌರಾಯಿ ಎನ್ನುತ್ತಿದ್ದರು. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಆಕೆ ನನ್ನನ್ನು ಕರೆದು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿ, ಬಿಸಿ ರೊಟ್ಟಿ, ಶೇಂಗಾದ ಹಿಂಡಿ, ಮೊಸರು ಕೊಟ್ಟಳು. ನಾನು ಉಪಕಾರಕ್ಕೆಂದು ಟ್ರಂಕಿನ ವಹಿ ತಂದು ಒಂದು ಚಂದ್ರನ ಪದ್ಯ ಓದಿದೆ. ಆಕೆ ಬಹಳ ಗಮನವಿಟ್ಟು ಕೇಳಿ, “ಚಲೋ ಐತೋ ಮಾಸ್ತರ. ಆದ್ರ ಈ ಹಿಮಾಂಶು ಅನ್ನಾಂವ ಯಾ ಊರಾಂವ?” ಎಂದಳು. ವಹಿ ಮುಚ್ಚಿದೆ. ಆಮೇಲೆ ತೆಗೆಯಲಿಲ್ಲ.

ಆ ಕಟ್ಟೆ ನನ್ನ ಗುರುಕುಲವಾಯಿತು. ಸೀಮಂತ, ತೊಟ್ಟಿಲು, ಉಡಿ ತುಂಬುವುದು, ಹೊಸ ಬಾವಿಯ ಪೂಜೆ, ಯಾವುದಿದ್ದರೂ ಹೆಂಗಸರು ಬಂದು ಕಟ್ಟೆಯ ಸುತ್ತ ಕೂಡುತ್ತಿದ್ದರು. “ಮಾಸ್ತರ, ನಮ್ಮವರಿಗೆ ಸಿಟ್ಟ ಭಾಳ, ಅದೂ ಬರಬೇಕು, ಅವರಿಗೆ ಗೊತ್ತಾಗಬಾರದು.” “ಮಾಸ್ತರ, ಅತ್ತಿಯವರಿಗಿ ಸ್ವಲ್ಪ ಚುರಕ ಮುಟ್ಟಬೇಕು.” ನಾನು ಬಾಯಲ್ಲೇ ಕಟ್ಟಿ ಹೇಳುತ್ತಿದ್ದೆ. ಬರೆದುಕೊಟ್ಟರೆ ಓದುವವರಾರು! ಒಂದುಸಿರಿಗೆ ನಿಲ್ಲದ ಮಾತನ್ನು ಅವರು ಅಲ್ಲೇ ಕಿತ್ತು ಒಗೆಯುತ್ತಿದ್ದರು. ಏಳು ಸಲ ತಿರುಗಿ ಕಳಿಸಿದ ಸಂಪಾದಕರು ಒಂದು ಸಲವೂ ಯಾಕೆಂದು ಹೇಳಿರಲಿಲ್ಲ. ಇವರು ಮುಖಕ್ಕೇ ಹೇಳುತ್ತಿದ್ದರು, “ಇದು ನಾಲಿಗಿ ಮ್ಯಾಲ ಕುಂಡ್ರೂದಿಲ್ಲ, ತಗೀರಿ.”

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿತ್ತು. ನನ್ನ ಪದ ಕರಜಗಿಯಿಂದ ಹೊರಟು ಸುತ್ತಿನ ಹಳ್ಳಿಗೆಲ್ಲ ಹೋಯಿತು, ಆದರೆ ಅದರಲ್ಲಿ ರೇವಪ್ಪ ಇದ್ದ, ಸಿದ್ದಪ್ಪ ಇದ್ದ, ಊರ ಗಂಡಸರೆಲ್ಲ ಇದ್ದರು, ನಾನು ಮಾತ್ರ ಇರಲಿಲ್ಲ. ಕಟ್ಟಿದವನ ಅಂಕಿತಕ್ಕೆ ಒಡಪಿನಲ್ಲಿ ಜಾಗವಿಲ್ಲ. ನಗಬೇಡಿ, ಇಪ್ಪತ್ತೆರಡರ ಕವಿಗೆ ಇದು ಸಣ್ಣ ದುಃಖವಲ್ಲ.

ಗೌರಾಯಿಯ ಮೊಮ್ಮಗಳು ನೀಲವ್ವ. ತಾಯಿ ಸತ್ತಿದ್ದಳು, ತಂದೆ ಕುರಿಯ ಹಿಂದೆ ಹೋದವನು ಎಲ್ಲಿಯೋ ತೀರಿಹೋಗಿದ್ದ. ಮಾತು ಕಡಿಮೆ, ಕೆಲಸ ಬಹಳ. ನಾನು ಕಟ್ಟೆಯ ಮೇಲೆ ಕುಳಿತಾಗ ತತ್ರಾಣಿಯಲ್ಲಿ ನೀರು ತಂದಿಟ್ಟು ಹೋಗುತ್ತಿದ್ದಳು, ಅಷ್ಟೇ ನಮ್ಮ ಪರಿಚಯ. ಆಕೆಗೆ ಮಂಗಳವೇಢದ ಕಡೆಯ ನಂದೇಶ್ವರದ ಮಾಳಪ್ಪನೊಡನೆ ಲಗ್ನ ನಿಶ್ಚಯವಾಯಿತು. ಒಳ್ಳೆಯ ಮನೆ, ಎರಡು ಕುರಿಹಿಂಡು, ಹೊಲ. ಆದರೆ ಮಾಳಪ್ಪನ ಕಾಕಾ, ಅಂದರೆ ಚಿಕ್ಕಪ್ಪ, ಮನೆಯ ಹಿರಿಯ. ಬಹಳ ಶಿಸ್ತಿನವನೆಂದು ಹೆಸರು.

ಗೌರಾಯಿ ನನ್ನನ್ನು ಕರೆದಳು.

“ಮಾಸ್ತರ, ಹೊಸ್ತಿಲ ತಡದಾಗ ಹೇಳಾಕ ನೀಲವ್ವಗ ಒಂದ ಒಡಪು ಬೇಕು. ನಂದೇಶ್ವರದ ಮಂದಿ ಬಾಯಿ ಮ್ಯಾಲ ಬೆರಳ ಇಟಗೋಬೇಕು, ಅಂಥಾದ್ದು.”

ಗಂಡನ ಮನೆಗೆ ಮೊದಲ ಸಲ ಕಾಲಿಡುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ನಾನು ಮನಸ್ಸಿಟ್ಟು ಕಟ್ಟಿದೆ. ಆದರೆ ಕಲಿಸುವಾಗ ಒಂದು ತೊಡಕು ಬಂತು. ಲಗ್ನದ ಅಕ್ಕಿಕಾಳು ತಲೆಯ ಮೇಲೆ ಬೀಳುವ ಮೊದಲು ಹುಡುಗಿ ಗಂಡನ ಹೆಸರನ್ನು ಒಡಪಿನಲ್ಲಿ ಕೂಡ ಹೇಳಬಾರದು.

“ಮತ್ತ ಹ್ಯಾಂಗ ಕಲೀಬೇಕು?” ಎಂದೆ.

“ಹೆಸರಿನ ಜಾಗಾದಾಗ ಅಣ್ಣತಮ್ಮಂದಿರ ಹೆಸರ ಇಟ್ಟ ಕಲೀತಾರ. ಲಗ್ನದ ದಿವಸ ಅದನ್ನ ತಗದ ಗಂಡನ ಹೆಸರ ಇಡತಾರ. ಇಕಿಗರೆ ಅಣ್ಣಿಲ್ಲ, ತಮ್ಮಿಲ್ಲ,” ಎಂದು ಗೌರಾಯಿ ಯೋಚನೆಗೆ ಬಿದ್ದಳು. “ಯಾವದರ ಒಂದ ಹೆಸರ ಇಡು.”

ಯಾವುದಾದರೂ ಒಂದು! ಊರಲ್ಲಿ ನೂರು ಹೆಸರಿದ್ದವು. ಎತ್ತಿನ ಹೆಸರು ಇಡಬಹುದಿತ್ತು, ದೇವರ ಹೆಸರು ಇಡಬಹುದಿತ್ತು. ನನ್ನ ಅಂಕಿತದ ಹುಳ ಎದ್ದು ಕುಳಿತಿತು. ಒಂದು ತಿಂಗಳಾದರೂ ನನ್ನ ಪದದಲ್ಲಿ ನನ್ನ ಹೆಸರಿರಲಿ ಎಂದು ಆಸೆಪಟ್ಟು, ಏನೂ ಅಲ್ಲದವನ ಹಾಗೆ ಹೇಳಿಕೊಟ್ಟೆ.

“ಹಟ್ಟಿ ಮುಂದ ಹಾಲಿನ ಗಡಗಿ, ಉಕ್ಕಿ ಬಂತು ನೊರಿ,
ಕರಿ ಕಂಬಳಿ ಗದ್ದಗಿ ಮ್ಯಾಲ ಅಕ್ಕಿಕಾಳಿನ ಗೆರಿ,
ಬೀರಪ್ಪನ ಸಾಕ್ಷಿ ಇಟ್ಟು ಕೈ ಹಿಡದಾನ ದೊರಿ,
ಶಂಕ್ರಪ್ಪನ ಹೆಸರ ಹೇಳತೀನಿ, ಬಾಗಿಲ ಬಿಟ್ಟು ಸರಿ!”

ನೀಲವ್ವ ಒಂದು ತಿಂಗಳು ಅದನ್ನೇ ಆಡಿದಳು. ಬೀಸುವಾಗ, ನೀರು ಸೇದುವಾಗ, ಕುರಿಗೆ ಸೊಪ್ಪು ಹಾಕುವಾಗ. ನಾನು ಸಾಲಿಯ ಕಿಟಕಿಯಿಂದ ಕೇಳಿ ಹಿಗ್ಗುತ್ತಿದ್ದೆ. ಎಷ್ಟು ದಡ್ಡನೋ ನಾನು! ನಾಲಿಗೆಗೆ ರೂಢಿಯಾದದ್ದು ನಾಲಿಗೆ ಬಿಟ್ಟು ಹೋಗುವುದಿಲ್ಲವೆಂದು ಮಗ್ಗಿ ಕಲಿಸುವ ಮಾಸ್ತರನಿಗೆ ಹೊಳೆಯಬೇಡವೆ?

ಲಗ್ನ ನಂದೇಶ್ವರದಲ್ಲಿ, ಸಾಲಿಯ ರಜೆಯಲ್ಲಿ. ಎರಡು ದಿನದ ಗಾಡಿ ಹಾದಿ. ಹಾದಿಯುದ್ದಕ್ಕೂ ಬಿಸಿಲು, ಮೊಸರು ಬುತ್ತಿ, ಹೆಂಗಸರ ಹಾಡು. ನಾನು ಹೆಣ್ಣಿನ ಕಡೆಯ ದೊಡ್ಡ ಮನುಷ್ಯನಂತೆ ರುಮಾಲು ಸುತ್ತಿ ಮುಂದಿನ ಗಾಡಿಯಲ್ಲಿ ಕುಳಿತಿದ್ದೆ. ಕುರಿಗಾರರ ದೇವರು ಬೀರಪ್ಪನ ಗುಡಿಯ ಮುಂದೆ ಅಕ್ಕಿಕಾಳು ಬಿದ್ದವು, ಡೊಳ್ಳು ಮೊಳಗಿದವು, ವಧೂವರರು ಮನೆಯ ಬಾಗಿಲಿಗೆ ಬಂದರು. ನಾದಿನಿ ಎರಡೂ ಕೈ ಚಾಚಿ ಅಡ್ಡ ನಿಂತಳು. ಡೊಳ್ಳಿನವರು ಕೈ ತಡೆದರು. ನಾನು ಜನರ ನಡುವೆ ತೂರಿ ಮುಂದೆ ಬಂದು, ಅವಳ ಜತೆಗೆ ತುಟಿ ಆಡಿಸುತ್ತ ನಿಂತೆ.

ನೀಲವ್ವ ಹೇಳಿದಳು. ಎಂದೂ ದನಿ ಎತ್ತದ ಹುಡುಗಿ, ಆ ದಿನ ಗಂಟೆ ಬಾರಿಸಿದ ಹಾಗೆ ಹೇಳಿದಳು. ನೊರಿ ಬಂತು, ಗೆರಿ ಬಂತು, ದೊರಿ ಬಂತು. ಜನ ತಲೆದೂಗಿದರು.

“ಶಂಕ್ರಪ್ಪನ ಹೆಸರ ಹೇಳತೀನಿ, ಬಾಗಿಲ ಬಿಟ್ಟು ಸರಿ!”

ನಾದಿನಿ ಸರಿಯಲಿಲ್ಲ. ನನ್ನ ತುಟಿ ಹಾಗೇ ತೆರೆದು ನಿಂತಿತು.

“ಯಾ ಶಂಕ್ರಪ್ಪ?” ಎಂದು ಹಿಂದಿನಿಂದ ಒಬ್ಬರು ಕೇಳಿದರು.

ನಮ್ಮ ಗಾಡಿಯಲ್ಲೇ ಬಂದಿದ್ದ ಒಬ್ಬ ಹೆಂಗಸು, ಪಾಪ, ಸಹಾಯ ಮಾಡಲೆಂದೇ, “ನಮ್ಮ ಮಾಸ್ತರ ಹೆಸರಲ್ಲೇನ ಅದು?” ಎಂದು ನನ್ನ ಕಡೆ ಬೆರಳು ಮಾಡಿದಳು.

ಇಡೀ ನಂದೇಶ್ವರ ನನ್ನತ್ತ ತಿರುಗಿತು. ಎದೆ ಧಸಕ್ಕೆಂದಿತು ಎನ್ನುವುದು ಸಣ್ಣ ಮಾತು. ಎದೆ ಇದ್ದ ಜಾಗದಲ್ಲಿ ಏನೂ ಉಳಿಯಲಿಲ್ಲ. ನಿಜ ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ನನಗೆ ನೀಲವ್ವ ನೆನಪಾಗಲಿಲ್ಲ, ಗೌರಾಯಿ ನೆನಪಾಗಲಿಲ್ಲ. ನನ್ನ ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂಬುದೊಂದೇ ನೆನಪಾಯಿತು. ಹಂದರದ ಆ ತುದಿಗೆ ಇದ್ದವು. ನಡುವೆ ನೂರು ಕುರಿಗಾರರು, ನೂರು ಬಡಿಗೆ.

ಮಾಳಪ್ಪನ ಕಾಕಾ ಮುಂದೆ ಬಂದ. ಮೀಸೆ ಕಿವಿ ಮುಟ್ಟುತ್ತಿತ್ತು. ಕೂಗಲಿಲ್ಲ, ಅದೇ ಹೆಚ್ಚು ಹೆದರಿಕೆ.

“ಹೊಸ್ತಿಲ ಮ್ಯಾಲ ಹೇಳಿದ ಹೆಸರ ದೇವರ ಮುಂದ ಹೇಳಿದಂಗ. ಹುಡುಗಿನ್ನ ಗಾಡ್ಯಾಗ ಕುಂಡರಸ್ರಿ. ಬಂದ ಹಾದಿ ಹಿಡೀರಿ.”

ನೀಲವ್ವ ಕಲ್ಲಿನ ಹಾಗೆ ನಿಂತಿದ್ದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಬಾಸಿಂಗದ ಕೆಳಗೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಈ ಬಾಗಿಲಿಂದ ತಿರುಗಿ ಹೋದ ಹುಡುಗಿಗೆ ಮತ್ತೊಂದು ಬಾಗಿಲು ಯಾವ ಊರಲ್ಲೂ ತೆರೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ನನ್ನ ಹೆಸರಿನ ಚಪಲಕ್ಕೆ ಅವಳ ಬಾಳು ಹೋಗುತ್ತಿತ್ತು.

ಆಗ ಗೌರಾಯಿ ಗಂಡಸರನ್ನು ಮೊಣಕೈಯಿಂದ ಸರಿಸಿಕೊಂಡು ಹೊಸ್ತಿಲಿಗೆ ಬಂದಳು. ಕಾಕಾನನ್ನು ನೋಡಲಿಲ್ಲ, ಅವನ ಹಿಂದೆ ನಿಂತ ಹೆಂಗಸರನ್ನು ನೋಡಿದಳು.

“ಏನ್ರೆವಾ, ನೀವೆಲ್ಲಾ ಹ್ಯಾಂಗ ಕಲತೀರಿ? ಅಕ್ಕಿಕಾಳ ಬೀಳೂಕಿಂತ ಮೊದಲ ಗಂಡನ ಹೆಸರ ಹೇಳೀರೇನ? ಯಾರ ಹೆಸರ ಇಟ್ಟ ಕಲತ್ರಿ? ಬಾಯಿ ಬಿಟ್ಟ ಹೇಳ್ರಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಕಡೆಗೆ ಕಾಕಾನ ಹೆಂಡತಿಯೇ ಸಣ್ಣಗೆ ಹೇಳಿದಳು, “ನಮ್ಮಣ್ಣಂದು.”

“ಹೂಂ! ಅಣ್ಣಂದು. ಆ ಜಾಗಾ ಅಣ್ಣಂದು. ನನ್ನ ಮೊಮ್ಮಗಳಿಗೆ ಒಡಹುಟ್ಟಿದಾವ್ರಿಲ್ಲ. ಮಾಸ್ತರನ ಹೆಸರ ಆ ಜಾಗಾದಾಗ ಇಟ್ಟೆವು. ಹುಡುಗಿ ಹೆದರಿ ಅಣ್ಣನ್ನ ನೆನಸ್ಯಾಳ. ಹೊಸ್ತಿಲ ಮ್ಯಾಲ ಅಣ್ಣನ್ನ ನೆನಸೂದು ತಪ್ಪೇನ?”

ಕಾಕಾ ಮೀಸೆ ತೀಡಿದ. ಹೆಂಡತಿ ಎಲ್ಲರ ಮುಂದೆ ಮಾತಾಡಿದ್ದಳು, ಅಲ್ಲವೆನ್ನುವ ಹಾಗಿರಲಿಲ್ಲ. ಅವನು ನನ್ನತ್ತ ತಿರುಗಿದ.

“ಅಣ್ಣ ಆಗಿದ್ರ ಇಲ್ಲಿ ಬಂದ ಎಲ್ಲಾರ ಮುಂದ ಹೇಳಲಿ. ಒಡಪಿನ್ಯಾಗ ಬಿದ್ದ ಮಾತು ಒಡಪಿನ್ಯಾಗ ಎತ್ತಬೇಕು.”

ನನ್ನನ್ನು ಯಾರೋ ಮುಂದೆ ನೂಕಿದರು. ಹೊಸ್ತಿಲ ಎದುರು ನಿಂತೆ. ನಾಲಿಗೆ ಹಂಚಿನ ಮೇಲೆ ಬಿಟ್ಟ ರೊಟ್ಟಿಯಂತೆ ಒಣಗಿತ್ತು. ಚಂದ್ರ, ಕಮಲ ಯಾರೂ ಸಹಾಯಕ್ಕೆ ಬರಲಿಲ್ಲ. ನೀಲವ್ವ ಒಮ್ಮೆ ಕಣ್ಣೆತ್ತಿ ನೋಡಿದಳು. ಸಿಟ್ಟಿರಲಿಲ್ಲ, ಬರೀ ದಾರಿ ಕಾಯುತ್ತಿದ್ದಳು. ಬಾಯಿ ತಾನಾಗಿ ತೆರೆಯಿತು.

“ಹಡದವರಿಲ್ಲ, ಒಡಹುಟ್ಟಿಲ್ಲ, ನಾ ಊರಿಲ್ಲದ ಮನಸ್ಯಾ,
ತಪ್ಪಿ ಬಿದ್ದ ಹೆಸರಿನ್ಯಾಗ ತಂಗಿ ಸಿಕ್ಕಾಳ ಖಾಸಾ,
ಪಂಚಮಿಗೆ ಸೀರಿ ತರತೀನಿ, ತಪ್ಪಸೂದಿಲ್ಲ ವರಸಾ,
ಮಾಳಪ್ಪ ಮಾವನ ಕೈಗೆ ಕೊಟ್ಟೇನಿ, ಇಕಿ ಮ್ಯಾಲ ಇರಲಿ ಮನಸಾ!”

ಪ್ರಾಸ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ದನಿ ಒಡೆದು ಎರಡನೆಯ ಸಾಲಿನಲ್ಲೇ ಅತ್ತುಬಿಟ್ಟಿದ್ದೆ. ಅತ್ತದ್ದು ಹೆದರಿಕೆಗೋ, ಮೊದಲ ಸಾಲು ನಿಜವಾಗಿದ್ದಕ್ಕೋ ಹೇಳಲಾರೆ. ಅಷ್ಟರಲ್ಲಿ ಮದುಮಗ ಮಾಳಪ್ಪ, ಅಲ್ಲಿಯತನಕ ಮಾತೇ ಆಡದವನು, ಬಾಸಿಂಗ ಸರಿಮಾಡಿಕೊಂಡು, “ಕಾಕಾ, ಬಿಸಿಲಾಗ ಕಾಲ ಸುಡಾಕತ್ತಾವ. ಒಳಗ ಹೋಗೂದೋ, ಇಲ್ಲೇ ನಿಂದ್ರೂದೋ?” ಎಂದ.

ಮೊದಲು ನಕ್ಕವಳು ನಾದಿನಿ. ಆಮೇಲೆ ಕಾಕಾನ ಮೀಸೆ ಅಲುಗಿತು. “ಏ ತಂಗಿ, ಇನ್ನೊಮ್ಮಿ ಹೇಳು. ನೋಡಕೊಂಡ ಹೇಳು,” ಎಂದ. ನೀಲವ್ವ ಮಾಳಪ್ಪನ ಹೆಸರನ್ನೇ ಹೇಳಿದಳು. ಡೊಳ್ಳು ಮತ್ತೆ ಮೊಳಗಿದವು. ನಾನು ಹಂದರದ ಕಂಬ ಹಿಡಿದು ಕುಳಿತುಬಿಟ್ಟೆ, ಗೌರಾಯಿ ತಂದುಕೊಟ್ಟ ನೀರಲ್ಲಿ ಅರ್ಧ ಕುಡಿದೆ, ಅರ್ಧ ಮೈಮೇಲೆ ಚೆಲ್ಲಿಕೊಂಡೆ.

ಅಂದಿನಿಂದ ಪ್ರತಿ ನಾಗರಪಂಚಮಿಗೆ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬಕ್ಕೆ, ಸೋಲಾಪುರದಿಂದ ಒಂದು ಸೀರೆ ತರುತ್ತೇನೆ. ನೀಲವ್ವ ಗಾಡಿ ಇಳಿದು ಗೌರಾಯಿಯ ಮನೆಗೆ ಬಂದು ಜೋಕಾಲಿ ಆಡಿ ಉಂಡಿ ತಿಂದು, ಹೋಗುವಾಗ “ಅಣ್ಣಾ, ಮುಂದಿನ ವರಸ ಹಸರ ಅಂಚಿಂದು” ಎಂದು ಹೇಳಿ ಹೋಗುತ್ತಾಳೆ. ಇಷ್ಟಾದರೂ ಊರ ಹೆಂಗಸರು ನನ್ನನ್ನು ಕಟ್ಟೆಯಿಂದ ಎಬ್ಬಿಸಲಿಲ್ಲ. ಒಡಪು ಕೇಳಲು ಬಂದವರು ಮೊದಲು ಒಂದೇ ಮಾತು ಹೇಳುತ್ತಿದ್ದರು: “ಮಾಸ್ತರ, ಹೆಸರ ಮಾತ್ರ ನಾವ ಇಟಗೋತೀವಿ.”

ನಾಲ್ಕು ವರ್ಷದ ಮೇಲೆ ನನ್ನ ಲಗ್ನವಾಯಿತು. ಹುಡುಗಿ ಅಕ್ಕಲಕೋಟದ ಸುಭದ್ರೆ. ಸೋಲಾಪುರದ ಸೋದರಮಾವ ಅಕ್ಷತೆಗೆ ಬಂದು, ತನ್ನ ಪಡಸಾಲೆ ಸಣ್ಣದು, ಜನ ಹಿಡಿಯುವುದಿಲ್ಲ, ಹೆಣ್ಣನ್ನು ಎಲ್ಲಿ ಮನೆ ತುಂಬಿಸಿಕೊಳ್ಳುತ್ತೀ ಎಂದು ಕೇಳಿದ. ಗೌರಾಯಿ ಸಿಟ್ಟಾದಳು. “ಎಲ್ಲಿ ಅಂತ ಕೇಳತೀರಲ್ಲ! ಕರಜಗ್ಯಾಗ ಬಾಗಿಲಿಲ್ಲೇನ?”

ಹೀಗೆ ನಾನು ಹೆಂಡತಿಯೊಡನೆ ಆ ಕಟ್ಟೆಯ ಮನೆಯ ಹೊಸ್ತಿಲಿಗೆ ಬಂದೆ. ಬಾಗಿಲಲ್ಲಿ ಹಸಿರಂಚಿನ ಸೀರೆಯುಟ್ಟು, ಸೊಂಟದಲ್ಲಿ ಕೂಸು ಎತ್ತಿಕೊಂಡು, ಇನ್ನೊಂದು ಕೈ ಚಾಚಿ ನೀಲವ್ವ ಅಡ್ಡ ನಿಂತಿದ್ದಳು.

“ಅತ್ತಿಗೀ ಹೆಸರ ಹೇಳು ಅಣ್ಣಾ. ಇಲ್ಲಂದ್ರ ಬಿಡಾಂಗಿಲ್ಲ.”

ಆಕೆ ಹೀಗೆ ಅಡ್ಡ ನಿಂತದ್ದನ್ನು ಕಂಡ ಕೂಡಲೇ ನನ್ನ ತಲೆ ಖಾಲಿಯಾಯಿತು. ನೂರಾರು ಒಡಪು ಕಟ್ಟಿದವನು! ಸುತ್ತ ಊರ ಹೆಂಗಸರೆಲ್ಲ, ಹಿಂದೆ ನಂದೇಶ್ವರದವರು, ಕಾಕಾನ ಮೀಸೆ. ಒಂದಕ್ಷರ ಹೊರಬರಲಿಲ್ಲ. ಬೆವರು ಮಾತ್ರ ಬಂತು. ನೀಲವ್ವನಿಗೆ ಕನಿಕರವಾಯಿತು. ಬಗ್ಗಿ ಕಿವಿಯ ಹತ್ತಿರ ತಾನೇ ಒಂದನ್ನು ಹೇಳಿಕೊಟ್ಟಳು, ಆಕೆಯೇ ಕಟ್ಟಿದ್ದು. ನಾನು ಮುಳುಗುವವನು ಹಗ್ಗ ಹಿಡಿದ ಹಾಗೆ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಗಟ್ಟಿಯಾಗಿ ಹೇಳಿದೆ.

“ಮಂದಿ ಮಕ್ಕಳಿಗೆ ಕಲಿಸಾಂವ ನಾನು, ಇಂದ ಆದೆ ಮದಮಗಾ,
ಗೌರಾಯಿ ಕಟ್ಟಿ ಮ್ಯಾಲ ಇತ್ತು ಮೊದಲಿಂದ ನನ್ನ ಜಾಗಾ,
ನೀಲವ್ವನ ಹೆಸರ ಹೇಳತೀನಿ, ಒಳಗ ಬಿಡ್ರಿ ಈಗಾ!”

ಕಲಿಸುವಾಗ ಒಡಹುಟ್ಟಿದವರ ಹೆಸರನ್ನು ಆ ಜಾಗದಲ್ಲಿ ಇಡಬೇಕೆಂಬ ಪದ್ಧತಿಯನ್ನು ಆಕೆ ತಪ್ಪದೆ ಪಾಲಿಸಿದ್ದಳು. ಅದನ್ನು ತೆಗೆದು ಸುಭದ್ರೆಯ ಹೆಸರು ಇಡಬೇಕಾದವನು ನಾನು. ಹೇಳಿ ಮುಗಿಸಿದ ಮೇಲೆ ನನಗೆ ತಿಳಿಯಿತು. ಎದೆ ಧಸಕ್ಕೆಂದಿತು. ಚಪ್ಪಲಿಗಾಗಿ ಕಣ್ಣು ಆಡಿಸಿದೆ, ದೇವರಾಣೆ ಆಡಿಸಿದೆ.

“ಅಯ್ಯಯ್ಯ ಮಾಸ್ತರ!” ಎಂದು ಮಾಳಪ್ಪ ಹಣೆ ಬಡಿದುಕೊಂಡ. “ಅಂದ ಆಕಿ ನಿಮ್ಮ ಹೆಸರ ಹೇಳಿದ್ಲು, ಇಂದ ನೀವು ಆಕಿ ಹೆಸರ ಹೇಳಿದ್ರಿ. ನಮ್ಮನ್ನ, ಈ ಮದಮಗಳನ್ನ ಯಾರ ಕೇಳಬೇಕ್ರಿ?”

ಜನ ಬಿದ್ದು ಬಿದ್ದು ನಕ್ಕರು. ಕಾಕಾ ನಕ್ಕು ನಕ್ಕು ಬಡಿಗೆ ಊರಿ ನಿಂತ. ಸುಭದ್ರೆ ಕೂಡ ಸೆರಗಿನೊಳಗೆ ನಕ್ಕಳು, ಆಗ ನಕ್ಕಳು, ಆಮೇಲೆ ನೆನಪಿಟ್ಟುಕೊಂಡಳು.

ನೀಲವ್ವ ಒಬ್ಬಳು ನಗಲಿಲ್ಲ. ಚಾಚಿದ ಕೈ ಹಾಗೇ ಬಾಗಿಲ ಚೌಕಟ್ಟಿನ ಮೇಲಿತ್ತು. ಕಣ್ಣಿಂದ ನೀರು ಇಳಿದು ಕೂಸಿನ ತಲೆಯ ಮೇಲೆ ಬೀಳುತ್ತಿತ್ತು.

“ನಮ್ಮವ್ವ ಸತ್ತಮ್ಯಾಲ ನಾಕ ಮಂದಿ ಮುಂದ ನನ್ನ ಹೆಸರ ಹಿಂಗ ಯಾರೂ ಹೇಳಿದ್ದಿಲ್ಲ ಅಣ್ಣಾ,” ಎಂದಳು. “ಬಾ. ಒಳಗ ಬಾ. ಅತ್ತಿಗೀನ ಕರಕೊಂಡ ಬಾ.”

ಕೈ ತೆಗೆದಳು. ನಾನು ಒಳಗೆ ಹೋದೆ.

ಆ ಗದ್ದಲದಲ್ಲಿ ಸುಭದ್ರೆಯ ಹೆಸರನ್ನು ಹೇಳುವುದು ಉಳಿದೇಹೋಯಿತು. ಮೊನ್ನೆ ಬಶಿಯ ಚೂರು ಆರಿಸುತ್ತ ಆಕೆ ಅರ್ಧಕ್ಕೆ ನಿಲ್ಲಿಸಿದ ಮಾತು ಇದೇ. ನಾನು ಇದನ್ನು ಬರೆಯುತ್ತಿರುವುದನ್ನು ಕಂಡು ಈಗಲೂ ಅಂದಳು, “ನಾಳೆ ಪಂಚಮಿ. ನೀಲವ್ವ ಬಂದಾಗ ಹೊಸ್ತಿಲ ಮ್ಯಾಲ ನಿಂತ ಹೇಳ್ರಿ, ಬಿಡಾಂಗಿಲ್ಲ.” ಹೇಳಬೇಕು. ಬಾಯಿಪಾಠ ಮಾಡುತ್ತಿದ್ದೇನೆ, ಈ ಸಲ ಸುಭದ್ರೆಯ ಹೆಸರನ್ನೇ ಇಟ್ಟು.

ಹೊರಗೆ ಕಟ್ಟೆಯ ಮುಂದೆ ಗಾಡಿ ನಿಂತ ಸದ್ದಾಯಿತು. ನೀಲವ್ವ ಒಂದು ದಿನ ಮೊದಲೇ ಬಂದಿದ್ದಾಳೆಂದು ಕಾಣುತ್ತದೆ. ಓಣಿಗೆಲ್ಲ ಕೇಳುವಂತೆ “ಅಣ್ಣಾ!” ಎಂದು ಕೂಗುತ್ತಿದ್ದಾಳೆ. ಕೈಯಲ್ಲಿ ಚಹಾದ ಬಶಿ ಇದೆ. ಅದು ಬಿದ್ದಿಲ್ಲ.